ಟಬ್ಬಿನ ಓವರ್‌ಫ್ಲೋ ಸೋರುತ್ತಿದ್ದರೆ ಸಿಲಿಕೋನ್ ಟ್ಯೂಬು ಪಕ್ಕಕ್ಕಿಡಿ

ಅಮೆರಿಕದ ಎರಡಂತಸ್ತಿನ ಮನೆಯಲ್ಲಿ ಕೆಳಗಿನ ಕೋಣೆಯ ಸೀಲಿಂಗಿಗೆ ಕಂದು ಕಲೆ ಬಿದ್ದಿದೆ, ಅದರ ನೆತ್ತಿಯ ಮೇಲೇ ಸ್ನಾನದ ಟಬ್ ಇದೆ ಎಂದರೆ ಹೆಚ್ಚಿನವರು ಮೊದಲು ಅನುಮಾನಪಡುವುದು ಟಬ್ಬಿನ ತಳದ ತೂತನ್ನು. ಎಷ್ಟೋ ಸಲ ಅದು ನಿರಪರಾಧಿ. ನಲ್ಲಿಯ ಕೆಳಗೆ, ಟಬ್ಬಿನ ಒಳಗೋಡೆಯಲ್ಲಿ ಒಂದು ದುಂಡನೆಯ ಕ್ರೋಮ್ ಪ್ಲೇಟು ಇರುತ್ತದಲ್ಲ, ಒಂದೋ ಎರಡೋ ಸ್ಕ್ರೂ ಹಾಕಿದ್ದು, ಕೆಲವಕ್ಕೆ ನಡುವೆ ಸಣ್ಣ ಲಿವರ್ ಕೂಡ ಇರುವುದು? ಸೋರಿಕೆ ಅದರ ಹಿಂದೆ. ಟಬ್ ತುಂಬಿ ನೀರು ನೆಲಕ್ಕೆ ಚೆಲ್ಲದಿರಲಿ ಎಂದು ಇಟ್ಟಿರುವ ಓವರ್‌ಫ್ಲೋ ದಾರಿ ಅದು. ಐದರಿಂದ ಹತ್ತು ಡಾಲರಿನ ಒಂದು ರಬ್ಬರ್ ಗ್ಯಾಸ್ಕೆಟ್ ಬದಲಾಯಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಸಮಸ್ಯೆ ಮುಗಿಯುತ್ತದೆ. ಪ್ಲಂಬರ್ ಬಂದು ಮಾಡಿದರೂ ಇದನ್ನೇ ಮಾಡುವುದು, ಬಿಲ್ಲು ಮಾತ್ರ ನೂರರ ಲೆಕ್ಕದಲ್ಲಿ.

ಪ್ಲೇಟಿನ ಹಿಂದೆ ಏನಿದೆ ಎಂದು ಮೊದಲು ತಿಳಿದುಕೊಳ್ಳಿ. ಟಬ್ಬಿನ ಗೋಡೆಯಲ್ಲಿ ಎರಡು, ಎರಡೂವರೆ ಇಂಚಿನ ತೂತು. ತೂತಿನ ಹಿಂದೆ ಒಂದೂವರೆ ಇಂಚಿನ ಪೈಪೊಂದು ನೆಟ್ಟಗೆ ಕೆಳಗಿಳಿದು, ತಳದ ತೂತಿನಿಂದ ಬರುವ ಪೈಪನ್ನು ಒಂದು 'ಟೀ'ಯಲ್ಲಿ (T ಆಕಾರದ ಜೋಡಣೆಯಲ್ಲಿ) ಕೂಡಿಕೊಳ್ಳುತ್ತದೆ. ಅಲ್ಲಿಂದ ಎರಡೂ ಒಟ್ಟಿಗೆ ಟ್ರ್ಯಾಪಿಗೆ, ಅಂದರೆ ಚರಂಡಿಯ ವಾಸನೆ ಮೇಲೆ ಬರದಂತೆ ನೀರು ನಿಲ್ಲುವ ಬಾಗಿದ ಪೈಪಿಗೆ, ಹೋಗುತ್ತವೆ. ನೆಟ್ಟಗಿರುವ ಪೈಪಿನ ಮೇಲ್ತುದಿಯಲ್ಲಿ ಒಂದು ಎಲ್ಬೊ, ಮೊಣಕೈಯಂತೆ ಬಾಗಿದ ತುಂಡು. ಎಲ್ಬೊ ಬಾಯಿಗೂ ಟಬ್ಬಿನ ಬೆನ್ನಿಗೂ ನಡುವೆ ಗ್ಯಾಸ್ಕೆಟ್. ಟಬ್ಬಿನ ಒಳಗಿಂದ ಹಾಕಿದ ಸ್ಕ್ರೂ ಪ್ಲೇಟನ್ನು ಹಾದು ಎಲ್ಬೊವನ್ನು ಕಚ್ಚುತ್ತದೆ. ಸ್ಕ್ರೂ ಬಿಗಿಯಾದಷ್ಟೂ ಎಲ್ಬೊ ಮುಂದಕ್ಕೆ ಬಂದು ಗ್ಯಾಸ್ಕೆಟ್ಟನ್ನು ಟಬ್ಬಿನ ಬೆನ್ನಿಗೆ ಒತ್ತುತ್ತದೆ. ನೀರನ್ನು ತಡೆಯುವುದು ಒತ್ತಿ ಕೂತ ಆ ರಬ್ಬರ್ ಒಂದೇ. ಕಣ್ಣಿಗೆ ಕಾಣುವ ಪ್ಲೇಟು ನೀರು ತಡೆಯುವುದಿಲ್ಲ, ತಡೆಯಲೂಬಾರದು. ಅದರ ಕೆಳ ಅಂಚಿನಲ್ಲಿ ನೀರು ಒಳಹೋಗಲೆಂದೇ ಸಂದು ಬಿಟ್ಟಿರುತ್ತಾರೆ.

ಪ್ಲೇಟಿನ ಸುತ್ತ ಸಿಲಿಕೋನ್ ಬಳಿಯುವುದು ತಪ್ಪು ಔಷಧ ಅನ್ನುವುದು ಇದಕ್ಕೇ. ಪೂರ್ತಿ ಬಳಿದರೆ ಓವರ್‌ಫ್ಲೋ ಮುಚ್ಚಿಹೋಯಿತು, ನಲ್ಲಿ ಮರೆತ ದಿನ ನೀರು ನೇರ ನೆಲಕ್ಕೆ. ಕೆಳಗಿನ ಸಂದು ಬಿಟ್ಟು ಮೇಲೆ ಮಾತ್ರ ಬಳಿದರೆ ಶವರಿನ ಎರಚಲು ಒಂದಿಷ್ಟು ತಡೆಯಬಹುದು, ಆದರೆ ನೀರು ಸಂದಿನ ಮಟ್ಟಕ್ಕೆ ಏರಿದ ಕೂಡಲೇ ಹಳೆಯ ಗ್ಯಾಸ್ಕೆಟ್ ಹಳೆಯ ಹಾಗೇ ಸೋರುತ್ತದೆ. ಮುಂದೆ ಯಾರಾದರೂ ಸರಿಯಾಗಿ ರಿಪೇರಿ ಮಾಡಲು ಹೊರಟರೆ ಮೊದಲ ಅರ್ಧ ಗಂಟೆ ಆ ಸಿಲಿಕೋನ್ ಕೆರೆಯುವುದಕ್ಕೇ ಹೋಗುತ್ತದೆ.

ಗ್ಯಾಸ್ಕೆಟ್ ಕೆಡುವುದೇಕೆ? ವಯಸ್ಸಾಗಿ. ಬಿಸಿನೀರು ತಾಗಿ ಆರಿ, ತಾಗಿ ಆರಿ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಒತ್ತಿಸಿಕೊಂಡ ಆಕಾರದಲ್ಲೇ ಸೆಟೆದು ನಿಲ್ಲುತ್ತದೆ. ಮತ್ತೊಂದು ಕಾರಣ ಅಲುಗಾಟ. ಫೈಬರ್‌ಗ್ಲಾಸ್, ಅಕ್ರಿಲಿಕ್ ಟಬ್ಬುಗಳು ಮನುಷ್ಯ ಇಳಿದಾಗ ಸ್ವಲ್ಪ ಬಾಗುತ್ತವೆ, ಹಿಂದಿರುವ ಪೈಪು ಬಾಗುವುದಿಲ್ಲ. ಈ ಜಗ್ಗಾಟದಲ್ಲಿ ಸ್ಕ್ರೂ ನಿಧಾನವಾಗಿ ಸಡಿಲವಾಗುತ್ತದೆ. ನಮ್ಮವರ ಮನೆಗಳಲ್ಲಿ ಇನ್ನೊಂದಿದೆ. ಊರಿಂದ ಅಪ್ಪ ಅಮ್ಮ ಬಂದಾಗ ಟಬ್ಬಿನೊಳಗೆ ಬಕೆಟ್ಟು, ಚೊಂಬು ಇಟ್ಟುಕೊಂಡು ಸ್ನಾನ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಲ್ಲಿಯ ಬದಿಗೇ ಬಕೆಟ್ಟಿಟ್ಟು ಹುಯ್ದುಕೊಂಡಾಗ ಪ್ಲೇಟಿನ ಮೇಲೆ ಚೊಂಬುಗಟ್ಟಲೆ ನೀರು ಅಪ್ಪಳಿಸುತ್ತದೆ. ಶವರಿಗೆ ಅಷ್ಟಾಗಿ ಸೋರದ ಗ್ಯಾಸ್ಕೆಟ್ಟು ಇದಕ್ಕೆ ಸೋರುತ್ತದೆ. 'ಅವರು ಬಂದಾಗಲೇ ಸೀಲಿಂಗ್ ಒದ್ದೆಯಾಗುತ್ತದೆ' ಅನ್ನುವ ಒಗಟಿಗೆ ಉತ್ತರ ಇಷ್ಟೇ. ಇಲ್ಲಿನ ಬಚ್ಚಲುಮನೆಯ ನೆಲದಲ್ಲಿ ನೀರು ಹೋಗಲು ತೂತಿಲ್ಲ, ಇಳಿಜಾರೂ ಇಲ್ಲ ಅನ್ನುವುದನ್ನೂ ಅವರಿಗೆ ಮೊದಲ ದಿನವೇ ಹೇಳಿಬಿಡಿ. ಟಬ್ಬಿನ ಹೊರಗೆ ಚೆಲ್ಲಿದ ನೀರೂ ಅಂಚಿನ ಸಂದಿನಿಂದ ಇಳಿದು ಅದೇ ಸೀಲಿಂಗಿಗೆ ಬರುತ್ತದೆ, ಕಲೆಯೂ ಅಂಥದ್ದೇ.

ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸೋರಿಕೆ ಎಲ್ಲಿಯದು ಎಂದು ಖಚಿತ ಮಾಡಿಕೊಳ್ಳಿ. ಟಬ್ಬಿನ ನಲ್ಲಿ ಇರುವ ಗೋಡೆಯ ಆಚೆ ಬದಿಯಲ್ಲಿ, ಸಾಮಾನ್ಯವಾಗಿ ಕ್ಲಾಸೆಟ್ಟಿನೊಳಗೆ, ಒಂದು ಮುಚ್ಚಳ ಇದೆಯೇ ನೋಡಿ. ಇದ್ದರೆ ಪುಣ್ಯ. ತೆಗೆದು, ಟಾರ್ಚು ಹಿಡಿದು, ಪೈಪುಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಎಲ್ಬೊ ಕೆಳಗೆ, ಟೀ ಕೆಳಗೆ, ತಳದ ತೂತಿನ ಕೆಳಗೆ ಒಂದೊಂದು ಬಿಳಿ ಪೇಪರ್ ಟವೆಲ್ ಹಾಸಿ. ಈಗ ಪರೀಕ್ಷೆ, ಇದೇ ಕ್ರಮದಲ್ಲಿ:

ಮೊದಲು ತಳ ಮುಚ್ಚಿ, ಪ್ಲೇಟಿನ ಸಂದಿಗಿಂತ ಎರಡು ಇಂಚು ಕೆಳಗಿನ ತನಕ ನೀರು ತುಂಬಿ ಅರ್ಧ ಗಂಟೆ ಬಿಡಿ. ಪ್ಲೇಟಿಗೆ ನೀರು ತಾಗಕೂಡದು. ಈಗಲೇ ಟವೆಲ್ ಒದ್ದೆಯಾದರೆ ತಪ್ಪು ಸಾಮಾನ್ಯವಾಗಿ ತಳದ ತೂತಿನ ಜೋಡಣೆಯದು. ಒಣಗಿದ್ದರೆ ತಳ ತೆಗೆದು ನೀರೆಲ್ಲ ಒಮ್ಮೆಗೇ ಹೋಗಲು ಬಿಡಿ. ಆಗ ಒದ್ದೆಯಾದರೆ ಟೀ, ನಟ್ಟುಗಳು ಅಥವಾ ಟ್ರ್ಯಾಪ್. ಆಗಲೂ ಒಣಗಿದ್ದರೆ ತಳ ತೆರೆದಿಟ್ಟೇ ಚೊಂಬಿನಿಂದ ಪ್ಲೇಟಿನ ಮೇಲೆ, ಸಂದಿನೊಳಕ್ಕೆ ನೀರು ಹುಯ್ಯಿರಿ, ಐದಾರು ಚೊಂಬು. ನೀರಿಗೆ ಅಡುಗೆಯ ಫುಡ್ ಕಲರ್ ನಾಲ್ಕು ಹನಿ ಬೆರೆಸಿದರೆ ಟವೆಲ್ ಮೇಲೆ ಬಣ್ಣ ಎದ್ದು ಕಾಣುತ್ತದೆ. ಕೈಗೆ ಸಿಕ್ಕಿತೆಂದು ಅರಿಶಿನ ಹಾಕಬೇಡಿ, ಅಕ್ರಿಲಿಕ್ ಟಬ್ಬಿನ ಮೇಲೂ ಅಂಚಿನ ಸಂದು ಮುಚ್ಚಲು ಬಳಿದ ಬಿಳಿ ಕಾಕಿನ ಮೇಲೂ ಕಲೆ ಉಳಿಯುತ್ತದೆ. ಎಲ್ಬೊ ಕೆಳಗಿನ ಟವೆಲ್ ಬಣ್ಣ ಹಿಡಿದರೆ ಗ್ಯಾಸ್ಕೆಟ್ಟೇ ಕಳ್ಳ. ಸಾಮಾನ್ಯವಾಗಿ ನೀರು ಎಲ್ಬೊವಿನ ತಳದಿಂದ ಜಿನುಗಿ, ಪೈಪಿನ ಹೊರಮೈ ಹಿಡಿದು ಕೆಳಗಿಳಿದು, ಟೀ ನಟ್ಟಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗ ನೋಡಿ ನಟ್ಟನ್ನು ಬಿಗಿ ಮಾಡಿ ಕೈತೊಳೆದುಕೊಳ್ಳುವವರು ಬಹಳ. ಬೆರಳಿನಿಂದ ಪೈಪನ್ನು ಕೆಳಗಿನಿಂದ ಮೇಲಕ್ಕೆ ಸವರುತ್ತ ಹೋಗಿ. ಒದ್ದೆ ಎಲ್ಲಿ ಮುಗಿಯುತ್ತದೋ ಅದೇ ಮೂಲ.

ಮೂರರಲ್ಲೂ ಏನೂ ಸಿಗಲಿಲ್ಲವೆಂದರೆ ಶವರ್ ಹಾಕಿ, ಬೀಳುವ ನೀರನ್ನು ಬಕೆಟ್ಟಿನಲ್ಲೇ ಹಿಡಿಯಿರಿ, ಗೋಡೆಗೆ ತಾಗದಂತೆ. ಆಗ ಸೋರಿದರೆ ಗೋಡೆಯೊಳಗೆ ಶವರಿಗೆ ಹೋಗುವ ಪೈಪಿನ ದೋಷ. ಗೋಡೆಗೆ ನೀರು ತಾಗಿದಾಗ ಮಾತ್ರ ಸೋರಿದರೆ ಟೈಲ್ಸಿನ ಸಂದು, ಟಬ್ಬಿನಂಚಿನ ಕಾಕ್. ಅವು ಬೇರೆಯೇ ಕತೆ.

ಹಿಂದೆ ಮುಚ್ಚಳವೇ ಇಲ್ಲದಿದ್ದರೂ ಗ್ಯಾಸ್ಕೆಟ್ ಮಟ್ಟಿಗೆ ಟಬ್ಬಿನ ಒಳಗಿಂದಲೇ ಕೆಲಸ ಮಾಡಬಹುದು. ಬೇಕಾಗುವುದು: ಸ್ಕ್ರೂಡ್ರೈವರ್, ಉದ್ದ ಮೂತಿಯ ಇಕ್ಕಳ, ಟಾರ್ಚು, ಹಳೆ ಬಟ್ಟೆ, ಒಂದು ಗಜ ಗಟ್ಟಿ ದಾರ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಹೊಸ ಗ್ಯಾಸ್ಕೆಟ್. ಹೊಸ ಸ್ಕ್ರೂಗಳನ್ನೂ ತಂದಿಟ್ಟುಕೊಳ್ಳಿ, ಹಳೆಯವು ತುಕ್ಕು ಹಿಡಿದಿರುತ್ತವೆ. ಸಾಮಾನ್ಯವಾಗಿ ಕಾಲು ಇಂಚು ದಪ್ಪದ, ಇಂಚಿಗೆ 20 ಥ್ರೆಡ್ ಇರುವ ಸ್ಕ್ರೂ ಹೊಂದುತ್ತದೆ. ಕೆಲವು ಹಳೆಯ ಎಲ್ಬೊಗಳಿಗೆ 5/16 ಇಂಚಿನದು ಬೇಕು. ಹಳೆಯದನ್ನು ಜೇಬಿಗೆ ಹಾಕಿಕೊಂಡೇ ಅಂಗಡಿಗೆ ಹೋಗಿ.

ಮೊದಲು ತಳದ ತೂತಿಗೆ ಬಟ್ಟೆ ತುರುಕಿ. ಜಾರಿದ ಸ್ಕ್ರೂ ಮೊದಲು ಹುಡುಕುವ ದಾರಿ ಅದೇ. ಸ್ಕ್ರೂ ಬಿಚ್ಚಿ ಪ್ಲೇಟನ್ನು ಮೆಲ್ಲಗೆ ಎಳೆಯಿರಿ. ಲಿವರ್ ಇರುವ ಮಾದರಿಯಾದರೆ ಪ್ಲೇಟಿನ ಹಿಂದೆ ಒಂದು ತಂತಿ, ತುದಿಗೆ ಒಂದು ಹಿತ್ತಾಳೆ ಗುಂಡು ಅಥವಾ ಸ್ಪ್ರಿಂಗ್, ಕೂದಲು, ಸೋಪಿನ ಲೋಳೆಯ ಸಮೇತ ಹೊರಬರುತ್ತದೆ. ದೀಪಾವಳಿಯ ಎಣ್ಣೆಸ್ನಾನ, ಸೀಗೆಪುಡಿ ನಡೆಯುವ ಮನೆಯಾದರೆ ಅದರ ಗಸಿಯೂ ಸೇರಿರುತ್ತದೆ. ತಂತಿಯ ಉದ್ದ ಹೊಂದಿಸುವ ಸಣ್ಣ ನಟ್ಟನ್ನು ಮುಟ್ಟಬೇಡಿ. ಮುಟ್ಟಿದರೆ ಆಮೇಲೆ ತಳ ಸರಿಯಾಗಿ ಮುಚ್ಚುವುದಿಲ್ಲ. ಹಾಗೇ ಬಿಳಿ ವಿನೆಗರಿನಲ್ಲಿ ನೆನೆಹಾಕಿ ಬ್ರಷ್ ಮಾಡಿದರೆ ಸಾಕು.

ಈಗ ತೂತಿನೊಳಗೆ ಟಾರ್ಚು ಬಿಟ್ಟು ನೋಡಿ. ಎಲ್ಬೊವಿನ ಬಾಯಿ, ಸ್ಕ್ರೂ ಕಚ್ಚುವ ಅಡ್ಡಪಟ್ಟಿ ಅಥವಾ ಕಿವಿಗಳು, ಅವುಗಳ ಸುತ್ತ ಕಪ್ಪು ರಬ್ಬರಿನ ಅಂಚು ಕಾಣುತ್ತದೆ. ಮೊದಲು ಆ ಅಡ್ಡಪಟ್ಟಿಗೆ ದಾರ ಕಟ್ಟಿ, ತುದಿಯನ್ನು ನಲ್ಲಿಗೆ ಸುತ್ತಿ. ಸ್ಕ್ರೂ ಬಿಚ್ಚಿದ ಮೇಲೆ ಎಲ್ಬೊವನ್ನು ಹಿಡಿದಿಡುವುದು ಏನೂ ಇಲ್ಲ. ಅದು ಹಿಂದಕ್ಕೆ ವಾಲಿ ಗೋಡೆಯ ಕಡೆಗೆ ಸರಿದುಬಿಟ್ಟರೆ ಮತ್ತೆ ಎಳೆದು ತರುವಷ್ಟರಲ್ಲಿ ಸಾಕುಸಾಕಾಗುತ್ತದೆ. ಎರಡು ಬೆರಳಿಟ್ಟು ಎಲ್ಬೊವನ್ನು ಹಿಂದಕ್ಕೆ ಒತ್ತಿ. ಅರ್ಧ ಇಂಚು ಸಂದು ಬಿಟ್ಟರೆ ಸಾಕು. ಹಳೆಯ ಗ್ಯಾಸ್ಕೆಟ್ಟನ್ನು ಇಕ್ಕಳದಿಂದ ಹಿಡಿದು ತಿರುಚುತ್ತ ಎಳೆಯಿರಿ. ತುಂಡುತುಂಡಾಗಿ ಬಂದರೆ ಅಚ್ಚರಿಯಿಲ್ಲ, ಆದರೆ ಒಂದು ತುಂಡೂ ಉಳಿಯಕೂಡದು. ಎಲ್ಬೊವಿನ ಮುಖದ ಮೇಲೂ ಟಬ್ಬಿನ ಬೆನ್ನಿನ ಮೇಲೂ ಅಂಟಿದ ಹಳೆ ರಬ್ಬರ್, ಪುಟ್ಟಿ, ಸುಣ್ಣದ ಗರಿ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದು, ಬೆರಳು ಸುತ್ತ ಆಡಿಸಿ ನೋಡಿ. ಬೆರಳಿಗೆ ನುಣುಪು ಸಿಗಬೇಕು. ಅಕ್ಕಿಕಾಳಿನಷ್ಟು ಗಂಟು ಉಳಿದರೂ ಅಲ್ಲಿಂದಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಗಡಿಬಿಡಿಯಲ್ಲಿ ಜನ ಬಿಟ್ಟುಬಿಡುವುದು ಈ ಹಂತವನ್ನೇ, ಹೊಸ ಗ್ಯಾಸ್ಕೆಟ್ ಹಾಕಿಯೂ ಸೋರುವುದಕ್ಕೆ ಮುಖ್ಯ ಕಾರಣವೂ ಇದೇ.

ಹೊಸ ಗ್ಯಾಸ್ಕೆಟ್ಟನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ದಪ್ಪ ಭಾಗ ಕೆಳಕ್ಕೆ ಬರಬೇಕು. ಟಬ್ಬಿನ ಗೋಡೆ ನೆಟ್ಟಗಿಲ್ಲ, ಮೇಲೆ ಹೋದಂತೆ ಹೊರಕ್ಕೆ ವಾಲಿದೆ. ಹಿಂದಿನ ಪೈಪು ನೆಟ್ಟಗಿದೆ. ಹಾಗಾಗಿ ಎರಡರ ನಡುವಿನ ಸಂದು ಕೆಳಗೆ ಅಗಲ, ಮೇಲೆ ಕಿರಿದು. ದಪ್ಪ ಭಾಗ ಮೇಲಾಗಿ ಹಾಕಿದರೆ ಸ್ಕ್ರೂ ಎಷ್ಟು ಬಿಗಿದರೂ ಕೆಳಗೆ ಬಾಯಿ ಬಿಟ್ಟೇ ಇರುತ್ತದೆ. ನೀರು ಹೋಗುವುದೂ ಅಲ್ಲೇ. ಗ್ಯಾಸ್ಕೆಟ್ಟಿಗೆ ಸೋಪಿನ ನೀರು ಸವರಿ, ನಡುವೆ ಮಡಚಿ ತೂತಿನೊಳಗೆ ತೂರಿಸಿ, ಹಿಂದೆ ಬಿಡಿಸಿಕೊಂಡು ಎಲ್ಬೊವಿನ ತುಟಿಯ ಸುತ್ತ ಕೂರಿಸಿ. ಗ್ರೀಸ್, ವ್ಯಾಸಲೀನ್, ಅಡುಗೆ ಎಣ್ಣೆ ಬೇಡ. ಬಹಳಷ್ಟು ರಬ್ಬರ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಪುಟ್ಟಿಯೂ ಬೇಡ. ಇಲ್ಲಿ ರಬ್ಬರ್ ಒಣಗಿದ್ದೇ ಕೂರಬೇಕು, ಸೋಪಿನ ನೀರು ಆರಿಹೋಗುತ್ತದೆ.

ದಾರ ಎಳೆದು ಎಲ್ಬೊವನ್ನು ಮುಂದಕ್ಕೆ ತನ್ನಿ. ತೂತಿನ ಸುತ್ತ ಒಳಗಿಂದ ನೋಡಿದಾಗ ರಬ್ಬರ್ ಎಲ್ಲ ಕಡೆ ಒಂದೇ ಸಮ ಇಣುಕಬೇಕು. ಒಂದು ಬದಿಯಲ್ಲಿ ಜಾಸ್ತಿ ಕಂಡರೆ ಅದು ಮಡಚಿಕೊಂಡಿದೆ ಎಂದೇ ಅರ್ಥ, ಮತ್ತೆ ಕೂರಿಸಿ. ದಾರ ಬಿಚ್ಚಿ, ಲಿವರ್ ತಂತಿ ಇಳಿಬಿಟ್ಟು, ಪ್ಲೇಟಿನ ಸಂದು ಕೆಳಮುಖವಾಗಿರುವಂತೆ ಇಟ್ಟು ಸ್ಕ್ರೂಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ. ಥ್ರೆಡ್ ಓರೆಯಾಗಿ ಕಚ್ಚಿದರೆ ಎಲ್ಬೊವೇ ಹಾಳು. ಎರಡು ಸ್ಕ್ರೂ ಇದ್ದರೆ ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು. ಪ್ಲೇಟು ಕೈಯಲ್ಲಿ ತಿರುಗದಷ್ಟು ಬಿಗಿಯಾದ ಮೇಲೆ ಕಾಲು ಸುತ್ತು, ಅಲ್ಲಿಗೆ ನಿಲ್ಲಿಸಿ. ಡ್ರಿಲ್ ಬಳಸಲೇಬೇಡಿ. ಅತಿಯಾಗಿ ಬಿಗಿದರೆ ಪ್ಲೇಟು ಒಳಕ್ಕೆ ತಗ್ಗುತ್ತದೆ, ಹಳೆಯ ಹಿತ್ತಾಳೆ ಎಲ್ಬೊವಿನ ಕಿವಿ ಮುರಿಯುತ್ತದೆ, ಅಕ್ರಿಲಿಕ್ ಆದರೆ ತೂತಿನ ಅಂಚಿಗೆ ಬಿರುಕು ಬೀಳುತ್ತದೆ. ಬಿರುಕು ಬಿದ್ದ ಟಬ್ಬಿಗೆ ಯಾವ ಗ್ಯಾಸ್ಕೆಟ್ಟೂ ಸಾಲದು.

ಚೊಂಬಿನ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಟಬ್ ತುಂಬಿಸಿ ನೀರು ಸಂದಿನೊಳಗೆ ಐದು ನಿಮಿಷ ಹರಿಯಲಿ. ಹೊಸ ರಬ್ಬರ್ ಒತ್ತಿ ಕೂತ ಮೇಲೆ ಸ್ಕ್ರೂ ಸ್ವಲ್ಪ ಸಡಿಲಾಗುವುದುಂಟು, ಒಂದು ವಾರ ಬಿಟ್ಟು ಕೈಯಾಡಿಸಿ ನೋಡಿ.

ಎಲ್ಲ ಕಡೆ ಕೆಲಸ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ತೀರಾ ಹಳೆಯ ಮನೆಗಳಲ್ಲಿ ಪೈಪು ತೆಳು ಹಿತ್ತಾಳೆಯದು, ಎಲ್ಬೊವಿನ ಕಿವಿಗಳು ತಿಂದುಹೋಗಿರುತ್ತವೆ, ಸ್ಕ್ರೂ ಗಿರಗಿರ ತಿರುಗುತ್ತದೆಯೇ ಹೊರತು ಕಚ್ಚುವುದಿಲ್ಲ. ಎರಡು ಕಿವಿಯಲ್ಲಿ ಒಂದು ಮುರಿದಿದ್ದರೆ ಅಡ್ಡಪಟ್ಟಿಯ ಅಡಾಪ್ಟರ್ ಸಿಗುತ್ತದೆ, ಅದರಿಂದ ನಡುವೆ ಒಂದೇ ಸ್ಕ್ರೂ ಇರುವ ಪ್ಲೇಟು ಹಾಕಬಹುದು. ಎರಡೂ ಹೋಗಿದ್ದರೆ ಅಥವಾ ಪೈಪೇ ತೂತು ಬಿದ್ದಿದ್ದರೆ ಇಡೀ ಜೋಡಣೆ ಬದಲಾಯಿಸಬೇಕು. ಅದಕ್ಕೆ ಹಿಂದಿನಿಂದ ದಾರಿ ಬೇಕೇಬೇಕು. ಕ್ಲಾಸೆಟ್ ಗೋಡೆಯೊಳಗೆ ನಿಲುಗಂಬಗಳಾದ ಎರಡು ಸ್ಟಡ್‌ಗಳ ನಡುವೆ ಸುಮಾರು ಹದಿನಾಲ್ಕೂವರೆ ಇಂಚು ಖಾಲಿ ಇರುತ್ತದೆ. ಆ ಅಗಲಕ್ಕೆ ಚೌಕ ಕತ್ತರಿಸಿ. ಪವರ್ ಗರಗಸ ಬೇಡ, ಡ್ರೈವಾಲ್ (ಗೋಡೆಯ ಜಿಪ್ಸಮ್ ಹಲಗೆ) ಕೊಯ್ಯುವ ಕೈಗರಗಸದಲ್ಲಿ ಅರ್ಧ ಇಂಚು ಮಾತ್ರ ಇಳಿಸಿ, ಹಿಂದೆ ನೀರಿನ ಪೈಪು, ವಯರು ಇರಬಹುದು. 1978ಕ್ಕಿಂತ ಹಿಂದಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಧೂಳು ಹಾರದಂತೆ ನೋಡಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಕೆಲಸ ಮುಗಿದ ಮೇಲೆ ಪ್ಲಾಸ್ಟರ್ ಮಾಡಿ ಮುಚ್ಚಬೇಡಿ, ಹದಿನಾಲ್ಕು ಇಂಚಿನ ಪ್ಲಾಸ್ಟಿಕ್ ಆಕ್ಸೆಸ್ ಪ್ಯಾನೆಲ್ ಹಾಕಿ.

ಹೊಸ ಜೋಡಣೆಗೆ ಪಿವಿಸಿ ಕಿಟ್ ಸಾಕು, ಹಿತ್ತಾಳೆಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ, ಗೋಡೆಯೊಳಗೆ ಅದನ್ನು ಯಾರು ನೋಡುತ್ತಾರೆ? ತಳದ ಜಾಲರಿಯನ್ನು ಬಿಚ್ಚುವ ಒಂದು ವಿಶೇಷ ಕೀಲಿ ಸಿಗುತ್ತದೆ. ಇಕ್ಕಳ, ಸ್ಕ್ರೂಡ್ರೈವರ್ ತುರುಕಿ ತಿರುಗಿಸಲು ಹೋದರೆ ಒಳಗಿನ ಅಡ್ಡಕಡ್ಡಿಗಳು ಮುರಿದು ಕೆಲಸ ಇಮ್ಮಡಿಯಾಗುತ್ತದೆ. ಜಾಲರಿಯ ಥ್ರೆಡ್ಡಿನಲ್ಲಿ ಒರಟು, ನಯ ಎಂದು ಎರಡು ಬಗೆ ಇವೆ, ಆದ್ದರಿಂದ ಹೊಸ ಕಿಟ್ಟಿನ ಜಾಲರಿಯನ್ನೇ ಬಳಸಿ. ಅದರ ಅಂಚಿನ ಕೆಳಗೆ ಪೆನ್ಸಿಲ್ ದಪ್ಪದ ಪ್ಲಂಬರ್ ಪುಟ್ಟಿಯ ಎಳೆ. ಅಕ್ರಿಲಿಕ್, ಫೈಬರ್‌ಗ್ಲಾಸ್ ಟಬ್ಬಾದರೆ ತಯಾರಕರು ಹೆಚ್ಚಾಗಿ ಸಿಲಿಕೋನ್ ಹೇಳುತ್ತಾರೆ, ಟಬ್ಬಿನ ಕೈಪಿಡಿ ನೋಡಿಕೊಳ್ಳಿ. ಸಿಲಿಕೋನಿಗೆ ನ್ಯಾಯವಾದ ಜಾಗ ಇದೊಂದೇ. ಟಬ್ಬಿನ ಅಡಿಗೆ ಬರುವ ರಬ್ಬರ್ ವಾಷರಿಗೆ ಏನನ್ನೂ ಹಚ್ಚಬೇಡಿ. ಪೈಪುಗಳನ್ನು ಮೊದಲು ಅಂಟಿಲ್ಲದೆ ಜೋಡಿಸಿ, ಎಲ್ಬೊ ತೂತಿನ ನಡುವಿಗೇ ಬರುತ್ತದೆಯೇ ನೋಡಿ, ಆಮೇಲೆ ಕತ್ತರಿಸಿ ಸಿಪ್ಪೆ ಕೆರೆಯಿರಿ. ನಟ್ಟಿನೊಳಗಿನ ವಾಷರಿನ ಕೂರಾದ ಬದಿ ನಟ್ಟಿಗೆ ಬೆನ್ನು ಮಾಡಿ ಫಿಟ್ಟಿಂಗಿನ ಕಡೆಗಿರಲಿ. ಪ್ಲಾಸ್ಟಿಕ್ ನಟ್ಟು ಕೈಬಿಗಿ, ಮೇಲೆ ಕಾಲು ಸುತ್ತು. ಹಳೆಯ ಟ್ರ್ಯಾಪ್ ಕಪ್ಪು ಎಬಿಎಸ್ ಪ್ಲಾಸ್ಟಿಕ್ ಆಗಿದ್ದು ಹೊಸದು ಬಿಳಿ ಪಿವಿಸಿ ಆದರೆ ಎರಡನ್ನೂ ಒಂದೇ ಅಂಟಿನಲ್ಲಿ ಸೇರಿಸಲು ಹೋಗಬೇಡಿ, ನಡುವೆ ನಟ್ಟಿನ ಜೋಡಣೆ ಇಡಿ.

ಸೀಲಿಂಗಿನ ವಿಚಾರ. ಡ್ರೈವಾಲ್ ಜೋತುಬಿದ್ದಿದ್ದರೆ ಅಥವಾ ಒತ್ತಿದರೆ ಮೆತ್ತಗಿದ್ದರೆ ಆ ತುಂಡನ್ನು ಕತ್ತರಿಸಿ ತೆಗೆಯಬೇಕು. ಗಟ್ಟಿಯಿದ್ದರೆ ಫ್ಯಾನು ಹಾಕಿ ಪೂರ್ತಿ ಒಣಗಿಸಿ, ಕಲೆ ತಡೆಯುವ ಶೆಲ್ಯಾಕ್ ಅಥವಾ ಆಯಿಲ್ ಪ್ರೈಮರ್ ಹೊಡೆದು ಬಣ್ಣ ಬಳಿಯಿರಿ. ನೀರಿನ ಬಣ್ಣ ನೇರ ಬಳಿದರೆ ಕಂದು ಮತ್ತೆ ಮೇಲೇಳುತ್ತದೆ. ಬೂಸ್ಟು ಹತ್ತು ಚದರಡಿಗಿಂತ ಕಡಿಮೆಯಿದ್ದರೆ ನೀವೇ ತೆಗೆಯಬಹುದೆಂದು ಇಲ್ಲಿನ ಪರಿಸರ ಸಂರಕ್ಷಣಾ ಏಜೆನ್ಸಿಯ ಸಲಹೆ. ವಿಮೆಯನ್ನು ನಂಬಿ ಕೂರಬೇಡಿ: ಪೈಪು ಒಡೆದು ಒಮ್ಮೆಗೇ ಆದ ಹಾನಿಗೂ ತಿಂಗಳುಗಟ್ಟಲೆ ಜಿನುಗಿದ್ದಕ್ಕೂ ಸಾಮಾನ್ಯ ಪಾಲಿಸಿಗಳು ಬೇರೆ ಬೇರೆ ಉತ್ತರ ಕೊಡುತ್ತವೆ, ಎರಡನೆಯದಕ್ಕೆ ಹೆಚ್ಚಾಗಿ 'ಇಲ್ಲ'. ಕಾಂಡೊದಲ್ಲಿದ್ದು ಕೆಳಗೆ ಬೇರೆಯವರ ಮನೆ ಇದ್ದರೆ ಅವರಿಗೆ ಅಂದೇ ತಿಳಿಸಿ.

ಗ್ಯಾಸ್ಕೆಟ್ ಸರಿಯಾಗಿದ್ದರೂ ಓವರ್‌ಫ್ಲೋ ಎಲ್ಲವನ್ನೂ ಕಾಯುತ್ತದೆ ಎಂದುಕೊಳ್ಳಬೇಡಿ. ಶವರಿನ ನೀರಿಗೆ ನಿಮಿಷಕ್ಕೆ ಎರಡೂವರೆ ಗ್ಯಾಲನ್ ಮಿತಿ ಇದೆ, ಟಬ್ಬಿನ ನಲ್ಲಿಗೆ ಅಂಥ ಮಿತಿಯಿಲ್ಲ. ಪೂರ್ತಿ ಬಿಟ್ಟ ನಲ್ಲಿಯ ನೀರು ಎಷ್ಟೋ ಟಬ್ಬುಗಳಲ್ಲಿ ಸಂದಿನ ಕೈಮೀರುತ್ತದೆ. ನೀರು ಇನ್ನೂ ಆಳವಾಗಿ ನಿಲ್ಲಲಿ ಎಂದು ಪ್ಲೇಟಿನ ಮೇಲೆ ಅಂಟಿಸುವ ಸಿಲಿಕೋನ್ ಬಟ್ಟಲು ಮಾರುತ್ತಾರಲ್ಲ, ಮಕ್ಕಳಿರುವ ಮನೆಗೆ ಅದು ಬೇಡ.

ಇನ್ನು ಹೊಚ್ಚ ಹೊಸ ಮನೆಯಲ್ಲಿ ಓವರ್‌ಫ್ಲೋ ಕೆಲಸವನ್ನೇ ಮಾಡದೆ ನೀರು ಪ್ಲೇಟು ದಾಟಿ ಮೇಲೇರುತ್ತಿದ್ದರೆ ಪ್ಲೇಟು ತೆಗೆದು ನೋಡಿ. ಕಟ್ಟುವಾಗ ಪೈಪಿನ ಒತ್ತಡ ಪರೀಕ್ಷೆಗೆಂದು ಕೆಲವು ಮಾದರಿಗಳಲ್ಲಿ ಎಲ್ಬೊ ಬಾಯಿಗೆ ತೆಳುವಾದ ಪೊರೆಯೊಂದನ್ನು ಇಟ್ಟಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಕತ್ತರಿಸಬೇಕು, ಕತ್ತರಿಸದೆ ಪ್ಲೇಟು ಹಾಕಿ ಹೋಗುವುದುಂಟು. ಈ ಮಾದರಿಗಳಲ್ಲಿ ಪ್ಲೇಟಿಗೆ ಸ್ಕ್ರೂ ಇರುವುದಿಲ್ಲ, ಒತ್ತಿ ಕೂರಿಸಿದ್ದು. ಹಿಂದೆ ದೊಡ್ಡ ನಟ್ಟು ಎಲ್ಬೊವನ್ನು ಹಿಡಿದಿರುತ್ತದೆ. ನಟ್ಟನ್ನು ಮುಟ್ಟದೆ ಪೊರೆಯನ್ನು ಮಾತ್ರ ಚಾಕುವಿನಿಂದ ಸುತ್ತ ಕೊಯ್ದು, ತುಂಡು ಪೈಪಿನೊಳಗೆ ಬೀಳದಂತೆ ಇಕ್ಕಳದಲ್ಲಿ ಹಿಡಿದು ತೆಗೆಯಿರಿ.